ನಿಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಯಾವಾಗ?

ಹೋದ ವರ್ಷ ನಮ್ಮ ಆಫೀಸಿನಲ್ಲಿ ಒಬ್ಬಳು ಹುಡುಗಿಯ ಇಂಟರ್‌ವ್ಯೂ ಮಾಡಿದೆವು. ಈ ಕಡೆ ಕೂತವರು ಇಬ್ಬರು: ನಾನು, ಮತ್ತೆ ನನಗಿಂತ ಹತ್ತು ವರ್ಷ ಸೀನಿಯರ್ ಆದ ಒಬ್ಬರು. ಹುಡುಗಿ ಸಿಂಧನೂರು ಕಡೆಯ ಹಳ್ಳಿಯವಳು, ಬಿ.ಇ. ಮುಗಿಸಿ ಒಂದು ವರ್ಷವಾಗಿತ್ತು. ಕೊಟ್ಟ ಮೂರು ಪ್ರಾಬ್ಲಮ್‌ಗಳಲ್ಲಿ ಎರಡನ್ನು ಬೋರ್ಡ್ ಮೇಲೆ ನೀಟಾಗಿ ಬಿಡಿಸಿದಳು. ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಳು. ಆದರೆ ಎಲ್ಲಿ ಸಿಕ್ಕಿಕೊಂಡಿದ್ದೇನೆ ಅನ್ನೋದು ಅವಳಿಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಿದಳು ಕೂಡ. ಹತ್ತು ವರ್ಷ ಕೋಡ್ ಬರೆದವರಲ್ಲೂ ಈ ಗುಣ ಅಪರೂಪ.

ಆಮೇಲೆ ನಮ್ಮ ಸೀನಿಯರ್ ತಮ್ಮ ಇಷ್ಟದ ಪ್ರಶ್ನೆ ಕೇಳಿದರು. "ನೀವು ಲೈಫ್‌ನಲ್ಲಿ ಮೊದಲ ಪ್ರೋಗ್ರಾಮ್ ಬರೆದದ್ದು ಯಾವಾಗ?"

"ಸೆಕೆಂಡ್ ಸೆಮ್‌ನಲ್ಲಿ ಸರ್. ಸಿ ಲ್ಯಾಬ್‌ನಲ್ಲಿ."

"ಅದಕ್ಕೂ ಮುಂಚೆ?"

"ಮುಂಚೆ ಕಂಪ್ಯೂಟರ್ ಇರಲಿಲ್ಲ ಸರ್."

ಫೀಡ್‌ಬ್ಯಾಕ್‌ನಲ್ಲಿ ಅವರು ಬರೆದದ್ದು ಒಂದೇ ಸಾಲು: ಟೆಕ್ನಿಕಲಿ ಪರವಾಗಿಲ್ಲ, ಪ್ಯಾಶನ್ ಇಲ್ಲ. ಕೆಳಗೆ ಇನ್ನೊಬ್ಬರ ಅಭಿಪ್ರಾಯಕ್ಕೆ ಜಾಗ ಇತ್ತು. ನಾನು 'ಒಪ್ಪಿದೆ' ಅಂತ ಒತ್ತಿದೆ.

ಯಾಕೆ ಒತ್ತಿದೆ ಅನ್ನೋದನ್ನ ಹೇಳಬೇಕಾದರೆ ನಮ್ಮ ಊಟದ ಟೇಬಲ್‌ಗೆ ಹೋಗಬೇಕು. ಅಲ್ಲಿ ತಿಂಗಳಿಗೊಮ್ಮೆಯಾದರೂ 'ನನ್ನ ಮೊದಲ ಕಂಪ್ಯೂಟರ್' ಅನ್ನೋ ಹರಿಕಥೆ ನಡೆಯುತ್ತದೆ. ಒಬ್ಬರಿಗೆ ಚಿಕ್ಕಪ್ಪ ಲಂಡನ್ನಿನಿಂದ ಸಿಂಕ್ಲೇರ್ ಸ್ಪೆಕ್ಟ್ರಮ್ ತಂದುಕೊಟ್ಟಿದ್ದರು. ಇನ್ನೊಬ್ಬರ ಸ್ಕೂಲಿನಲ್ಲೇ ಬಿಬಿಸಿ ಮೈಕ್ರೋ ಇತ್ತು. ಮತ್ತೊಬ್ಬರ ತಂದೆ ಗಲ್ಫ್‌ನಿಂದ ಕಮೊಡೋರ್ 64 ಹೊತ್ತು ತಂದಿದ್ದರು. ಟೇಪ್‌ರೆಕಾರ್ಡರ್‌ಗೆ ಕ್ಯಾಸೆಟ್ ಹಾಕಿ, ಆ ಕೀಚು ಕೀಚು ಸದ್ದು ಕೇಳುತ್ತಾ ಗೇಮ್ ಲೋಡ್ ಆಗೋದನ್ನ ಕಾಯುತ್ತಿದ್ದ ಕಥೆ ಹೇಳುವಾಗ ಅವರ ಕಣ್ಣಿನಲ್ಲಿ ನೀರು ಬರೋದೊಂದು ಬಾಕಿ. ಒಂದು ಸಲ ನನ್ನ ಸರದಿ ಬಂತು. "ಎಂಟನೇ ಕ್ಲಾಸಿನಲ್ಲಿ, ಮಾವನ ಮನೆಯಲ್ಲಿ" ಅಂದುಬಿಟ್ಟೆ. ಶುದ್ಧ ಸುಳ್ಳು. ನಮ್ಮ ಮಾವನ ಮನೆಯಲ್ಲಿ ಆಗ ಇದ್ದದ್ದು ಎರಡು ಎಮ್ಮೆ ಮತ್ತು ಒಂದು ಬ್ಲ್ಯಾಕ್ ಅಂಡ್ ವೈಟ್ ಟಿವಿ.

ಆ ಸುಳ್ಳು ಹೇಳಿದವನು ಆ ಹುಡುಗಿಯ ಪರವಾಗಿ ಹೇಗೆ ಮಾತಾಡಿಯಾನು? ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಆ ನೆನಪುಗಳಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. ಆ ಮಶೀನುಗಳು ನಿಜಕ್ಕೂ ಅದ್ಭುತ. 1981ರಲ್ಲಿ ಬಂದ ಸಿಂಕ್ಲೇರ್ ಝೆಡ್‌ಎಕ್ಸ್81ರಲ್ಲಿ ಇದ್ದ ಮೆಮರಿ ಒಂದು ಕಿಲೋಬೈಟ್. ಈ ಲೇಖನದ ಮೊದಲ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಬಿಡಿಭಾಗ ತಗೊಂಡು ನೀವೇ ಬೆಸುಗೆ ಹಾಕಿಕೊಳ್ಳುವುದಾದರೆ ಬೆಲೆ 49.95 ಪೌಂಡ್. ಮರುವರ್ಷ, 1982ರಲ್ಲಿ, ರಬ್ಬರ್ ಕೀಗಳ ಸ್ಪೆಕ್ಟ್ರಮ್ ಬಂತು, 125 ಪೌಂಡಿಗೆ. ಅದನ್ನು ಟಿವಿಗೆ ಸಿಕ್ಕಿಸಿ ಸ್ವಿಚ್ ಹಾಕಿದರೆ ಮೆನು ಇಲ್ಲ, ಐಕಾನ್ ಇಲ್ಲ, ಯಾವುದೋ ಕಂಪನಿಯ ಜಾಹೀರಾತಿಲ್ಲ. ನೇರವಾಗಿ ಬೇಸಿಕ್ ಭಾಷೆಗೇ ಬಾಗಿಲು ತೆರೆಯುತ್ತಿತ್ತು. ಅಂದರೆ ಮಶೀನು ಮೊದಲು ಕೇಳುತ್ತಿದ್ದದ್ದೇ 'ಏನು ಮಾಡಲಿ ಹೇಳು' ಅಂತ. ಮ್ಯಾಗಜೀನ್‌ಗಳಲ್ಲಿ ಪುಟಗಟ್ಟಲೆ ಪ್ರೋಗ್ರಾಮ್ ಅಚ್ಚಾಗಿ ಬರುತ್ತಿತ್ತು. ಹುಡುಗರು ಅದನ್ನು ಸಾಲು ಸಾಲಾಗಿ ಟೈಪ್ ಮಾಡಿ, ಎಲ್ಲೋ ಒಂದು ಅಕ್ಷರ ತಪ್ಪಿ, ಆ ತಪ್ಪನ್ನು ಹುಡುಕುತ್ತಾ ಹುಡುಕುತ್ತಾ ಪ್ರೋಗ್ರಾಮಿಂಗ್ ಕಲಿತುಬಿಟ್ಟರು.

ಲಿನಕ್ಸ್ ಬರೆದ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು ಹೀಗೇ. ಹೆಲ್ಸಿಂಕಿಯಲ್ಲಿ ಅವನ ತಾತ ವಿಕ್-20 ಅನ್ನೋ ಕಮೊಡೋರ್ ಕಂಪ್ಯೂಟರ್ ಕೊಂಡಾಗ ಅವನಿಗೆ ಹತ್ತು-ಹನ್ನೊಂದು ವರ್ಷ. ನಿಮ್ಮ ಜೇಬಿನ ಫೋನಿನಲ್ಲಿರುವ ಆರ್ಮ್ ಪ್ರೊಸೆಸರ್‌ನ ಮೂಲ ಕೂಡ ಅಲ್ಲೇ. ಬಿಬಿಸಿ ಮೈಕ್ರೋ ಮಾಡಿದ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿಯಲ್ಲೇ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದನ್ನು ವಿನ್ಯಾಸ ಮಾಡಿದ್ದು, ಮೊದಲ ಚಿಪ್ ಬಂದದ್ದು 1985ರಲ್ಲಿ. ಆ ಪುಟ್ಟ ಮಶೀನುಗಳು ಬದುಕು ರೂಪಿಸಿದವು ಅನ್ನೋದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರೋದು ಮುಂದಿನ ಹೆಜ್ಜೆಗೆ. 'ನಮಗೆ ಕುತೂಹಲ ಇತ್ತು, ಅದಕ್ಕೇ ನಾವು ಕಲಿತೆವು' ಅಂತಾರಲ್ಲ, ಅದಕ್ಕೆ. ಸ್ವಾಮಿ, ಕುತೂಹಲ ಎಲ್ಲರ ಮನೆಯಲ್ಲೂ ಇತ್ತು. ಕಂಪ್ಯೂಟರ್ ಇದ್ದದ್ದು ನಿಮ್ಮ ಮನೆಯಲ್ಲಿ.

ಯಾರ ದುಡ್ಡು ಅದು, ಸ್ವಲ್ಪ ನೋಡಿ. ಟೋರ್ವಾಲ್ಡ್ಸ್‌ನ ತಾತ ಹೆಲ್ಸಿಂಕಿ ಯೂನಿವರ್ಸಿಟಿಯಲ್ಲಿ ಸ್ಟಾಟಿಸ್ಟಿಕ್ಸ್ ಪ್ರೊಫೆಸರ್. ಬಿಲ್ ಗೇಟ್ಸ್ 1968ರಲ್ಲೇ ಸ್ಕೂಲಿನಲ್ಲಿ ಕಂಪ್ಯೂಟರ್ ಮುಟ್ಟಿದ್ದು, ಅಲ್ಲಿನ ತಾಯಂದಿರ ಸಂಘದವರು ಹಳೇ ಸಾಮಾನು ಮಾರಿ ಬಂದ ಹಣದಲ್ಲಿ ಟೆಲಿಟೈಪ್ ಹಾಕಿಸಿಕೊಟ್ಟಿದ್ದಕ್ಕೆ. ಬ್ರಿಟನ್ನಿನ ಮಕ್ಕಳಿಗೆ ಬಿಬಿಸಿ ಮೈಕ್ರೋ ಸಿಕ್ಕಿದ್ದು ಅಲ್ಲಿಯ ಸರ್ಕಾರ ಶಾಲೆಗಳಿಗೆ ಅರ್ಧ ಬೆಲೆ ಕೊಟ್ಟಿದ್ದಕ್ಕೆ, ಬಿಬಿಸಿ 1982ರ ಜನವರಿಯಿಂದ ಟಿವಿಯಲ್ಲೇ ಪಾಠ ಮಾಡಿದ್ದಕ್ಕೆ. ಅದು ಒಂದು ದೇಶ ತನ್ನ ಮಕ್ಕಳ ಮೇಲೆ ಹೂಡಿದ ಬಂಡವಾಳ. ಕಥೆ ಹೇಳುವಾಗ ಮಾತ್ರ ಬಂಡವಾಳ ಹೋಗಿ ಬರೀ ಪ್ಯಾಶನ್ ಉಳಿಯುತ್ತದೆ.

ನಮ್ಮಲ್ಲಿ? 125 ಪೌಂಡ್ ಅಂದರೆ ಆಗಿನ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸು, ಆಮದು ಸುಂಕ ಬೇರೆ. ತಂದುಕೊಡಲು ಲಂಡನ್ನಿನಲ್ಲೊಬ್ಬ ಚಿಕ್ಕಪ್ಪನೂ ಬೇಕು. ಕೇಂದ್ರ ಸರ್ಕಾರ 1984ರಲ್ಲಿ 'ಕ್ಲಾಸ್' ಅನ್ನೋ ಯೋಜನೆ ಶುರುಮಾಡಿ ಬಿಬಿಸಿ ಮೈಕ್ರೋಗಳನ್ನೇ ಶಾಲೆಗಳಿಗೆ ಕೊಟ್ಟಿತು. ಮೊದಲ ಕಂತಿನಲ್ಲಿ ಇಡೀ ದೇಶಕ್ಕೆ ಸುಮಾರು 250 ಶಾಲೆ. ನಮ್ಮ ಸಹೋದ್ಯೋಗಿಗಳು ಓದಿದ್ದು ಅಂಥದ್ದೊಂದು ಶಾಲೆಯಲ್ಲಿ. ಅದು ಅದೃಷ್ಟ. ಅದೃಷ್ಟ ಅಂತ ಹೇಳಿಕೊಳ್ಳೋಕೆ ನಾಚಿಕೆ ಯಾಕೆ?

ನನ್ನ ಮೊದಲ ಕಂಪ್ಯೂಟರ್ ಕಥೆಯನ್ನೂ, ಈ ಸಲ ಸುಳ್ಳು ಬೆರೆಸದೆ, ಹೇಳಿಬಿಡುತ್ತೇನೆ. ನಮ್ಮೂರು ತಿಪಟೂರು ಹತ್ತಿರ. ನಾನು ಕೀಬೋರ್ಡ್ ಮುಟ್ಟಿದ್ದು 1998ರಲ್ಲಿ, ಬಿ.ಇ. ಸೇರಿದ ಮೇಲೆ. ಲ್ಯಾಬ್ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಎ.ಸಿ., ಬಾಗಿಲಲ್ಲಿ ರಿಜಿಸ್ಟರ್. ವಾರಕ್ಕೆ ಮೂರು ಗಂಟೆ, ಒಂದು ಸಿಸ್ಟಮ್‌ಗೆ ಮೂರು ಜನ. ಲೆಕ್ಕ ಹಾಕಿದರೆ ತಲೆಗೊಂದು ಗಂಟೆ. ಆ ಒಂದು ಗಂಟೆಯಲ್ಲೂ ಇನ್‌ಸ್ಟ್ರಕ್ಟರ್ ಕಣ್ಣು ನಮ್ಮ ಬೆರಳ ಮೇಲೆ. ಅಬ್ಸರ್ವೇಷನ್ ಬುಕ್‌ನಲ್ಲಿ ಇರೋ ಪ್ರೋಗ್ರಾಮನ್ನೇ ಟರ್ಬೋ ಸಿ-ಯ ನೀಲಿ ಸ್ಕ್ರೀನಿಗೆ ಇಳಿಸಬೇಕು. ಬೇರೆ ಏನಾದರೂ ಒತ್ತಿದರೆ, "ಏಯ್, ಹಾಳಾದ್ರೆ ನಿಮ್ಮಪ್ಪ ಬಂದು ಕಟ್ತಾನಾ?"

ಈ ಒಂದು ವಾಕ್ಯದಲ್ಲಿ ಎಲ್ಲ ವ್ಯತ್ಯಾಸ ಇದೆ. ಸ್ಪೆಕ್ಟ್ರಮ್ ಸಿಕ್ಕ ಹುಡುಗನಿಗೆ ಸಿಕ್ಕಿದ್ದು ಬರೀ ಮಶೀನಲ್ಲ, ಕೆಡಿಸುವ ಪರ್ಮಿಶನ್. ಏನು ತಪ್ಪು ಬರೆದರೂ ಪ್ಲಗ್ ಕಿತ್ತು ಹಾಕಿದರೆ ಮತ್ತೆ ಹೊಸದು. ಕೇಳೋರಿಲ್ಲ, ಮಾರ್ಕ್ಸ್ ಕೊಡೋರಿಲ್ಲ, ರಾತ್ರಿ ಹನ್ನೊಂದರ ತನಕ ಕೂತರೂ ಅದು ಅವನ ಮನೆ. ಪ್ರೋಗ್ರಾಮಿಂಗ್ ಬರೋದು ಹಾಗೆ ಕೆಡಿಸಿದಾಗಲೇ. ನಮಗೆ ಕಂಪ್ಯೂಟರ್ ಅಂದರೆ ಗರ್ಭಗುಡಿಯ ಉತ್ಸವಮೂರ್ತಿ. ದೂರದಿಂದ ಕೈಮುಗಿಯಬೇಕು, ಮುಟ್ಟೋದು ಪೂಜಾರಿ ಮಾತ್ರ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಳ್ಳಿ ಹುಡುಗನೊಬ್ಬನ ಗೋಳಾಗುತ್ತಿತ್ತು. ಆದರೆ ನಮ್ಮ ಮನೆಗೂ ಒಂದು ದಿನ ಕಂಪ್ಯೂಟರ್ ಬಂತು. ಅವತ್ತಿಂದ ನಾನೂ ಪೂಜಾರಿಯಾದೆ.

2000ನೇ ಇಸವಿ. ಆ ವರ್ಷದ ಕೊಬ್ಬರಿ ಮಾರಿದ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ಅಪ್ಪ 28 ಸಾವಿರ ಕೈಗಿಟ್ಟರು. ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿ, ಮಾನಿಟರನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಊರಿಗೆ ತಂದೆ. ಹಾಸ್ಟೆಲಿನಲ್ಲಿ ಕಂಪ್ಯೂಟರ್ ಇಡಲು ಬಿಡುತ್ತಿರಲಿಲ್ಲ. ಹಾಗಾಗಿ ಅದು ಊರಿನ ನಡುಮನೆಯಲ್ಲಿ, ಅಮ್ಮನ ಹಳೇ ಸೀರೆ ಹೊದ್ದುಕೊಂಡು ಕೂತಿತು. ಶನಿವಾರ ಸಂಜೆ ನಾನು ಬಂದರೆ ಸೀರೆ ತೆಗೆಯೋದು, ಸೋಮವಾರ ಬೆಳಿಗ್ಗೆ ಮತ್ತೆ ಹೊದಿಸೋದು. ವಾರದಲ್ಲಿ ಐದು ದಿನ ಅದು ಸುಮ್ಮನೆ ಇರುತ್ತಿತ್ತು.

ಆ ಐದು ದಿನವೂ ಮನೆಯಲ್ಲಿ ಇರುತ್ತಿದ್ದವಳು ನನ್ನ ಅಕ್ಕ. ಪಿಯುಸಿ ಆದ ಮೇಲೆ ಅವಳನ್ನು ಮುಂದೆ ಓದಿಸಲಿಲ್ಲ. ತಿಪಟೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬಸ್ಸಿನಲ್ಲಿ ಓಡಾಡಿ ಇಂಗ್ಲಿಷ್ ಜೂನಿಯರ್, ಸೀನಿಯರ್, ಕನ್ನಡ ಜೂನಿಯರ್ ಪಾಸು ಮಾಡಿದ್ದಳು. ನಾನು ಬಿ.ಇ. ಸೇರುವ ಮುಂಚೆ ಹಳೇ ಕ್ಯಾಲೆಂಡರ್ ರಟ್ಟಿನ ಮೇಲೆ ಕೀಬೋರ್ಡ್ ಬರೆದು, ಯಾವ ಬೆರಳು ಎಲ್ಲಿ ಅಂತ ಹೇಳಿಕೊಟ್ಟವಳೂ ಅವಳೇ. ನಮ್ಮ ಮನೆಯಲ್ಲಿ ಕೀಬೋರ್ಡ್ ಮೊದಲು ಮುಟ್ಟಿದ್ದು ನಾನಲ್ಲ, ಅವಳು.

ಒಂದು ಶನಿವಾರ ಬಂದು ನೋಡಿದರೆ ಡೆಸ್ಕ್‌ಟಾಪ್ ಮೇಲೆ ಒಂದು ಹೊಸ ಫೈಲು. ತೆರೆದರೆ ತೆಂಗಿನಕಾಯಿ ಲೆಕ್ಕ. ಎಷ್ಟು ಕಾಯಿ ಇಳಿಸಿತು, ಎಷ್ಟು ಅಟ್ಟಕ್ಕೆ ಹೋಯಿತು, ಸುಲಿಯುವವರಿಗೆ ಎಷ್ಟು ಕೂಲಿ. ಎಕ್ಸೆಲ್ ಗೊತ್ತಿರಲಿಲ್ಲ ಪಾಪ, ನೋಟ್‌ಪ್ಯಾಡ್‌ನಲ್ಲೇ ಸ್ಪೇಸ್ ಹೊಡೆದು ಹೊಡೆದು ಸಾಲು ನೇರ ಮಾಡಿದ್ದಳು. ಮೊತ್ತ ಕೈಯಲ್ಲಿ ಕೂಡಿ ಕೊನೆಗೆ ಬರೆದಿದ್ದಳು. ನನಗೆ ಕೋಪ ಬಂತು. "ಸೆಟ್ಟಿಂಗ್ ಹೋದ್ರೆ ಏನ್ ಮಾಡ್ತೀಯ?" ಅಂದೆ. "ಏನೂ ಮಾಡಿಲ್ಲ ಕಣೋ, ಲೆಕ್ಕ ಬರೆದೆ ಅಷ್ಟೆ" ಅಂದಳು. ಅಪ್ಪ ಜಗಲಿಯಿಂದಲೇ, "ಯಾಕವ್ವ ಮುಟ್ತೀಯ? ಅದು ಅವನ ಓದಿಗೆ ತಂದಿರೋದು" ಅಂದರು.

ಅವತ್ತು ರಾತ್ರಿ ನಾನು ಬಯೋಸ್ ಪಾಸ್‌ವರ್ಡ್ ಹಾಕಿದೆ. ವಿಂಡೋಸ್ 98ರ ಪಾಸ್‌ವರ್ಡನ್ನು ಎಸ್ಕೇಪ್ ಒತ್ತಿ ದಾಟಬಹುದು ಅಂತ ಗೊತ್ತಿತ್ತು, ಅದಕ್ಕೇ ಒಂದು ಹಂತ ಕೆಳಗೇ ಬೀಗ ಜಡಿದೆ. ನನ್ನ ಕಂಪ್ಯೂಟರ್ ವಿದ್ಯೆಯನ್ನು ಮನೆಯಲ್ಲಿ ಮೊದಲು ಬಳಸಿದ್ದು ಅದಕ್ಕೆ. ಮದರ್‌ಬೋರ್ಡಿನ ಬಟನ್ ಸೆಲ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಆ ಪಾಸ್‌ವರ್ಡ್ ಹಾರಿಹೋಗುತ್ತಿತ್ತು. ಆದರೆ ಡಬ್ಬ ಬಿಚ್ಚಿ ನೋಡುವ ಪರ್ಮಿಶನ್ ಆ ಮನೆಯಲ್ಲಿ ಇದ್ದದ್ದು ನನಗೊಬ್ಬನಿಗೆ.

ಎರಡು ವರ್ಷದ ನಂತರ ಅಕ್ಕನ ಮದುವೆ ಆಯಿತು, ನನ್ನ ಕೆಲಸ ಆಯಿತು. ಇಬ್ಬರ ಬದುಕನ್ನೂ ಆ ಡಬ್ಬ ರೂಪಿಸಿತು. ನನ್ನದನ್ನು ಓಪನ್ ಆಗಿ, ಅವಳದ್ದನ್ನು ಲಾಕ್ ಆಗಿ. ಈಗ ಅವಳು ಗಂಡನ ಊರಿನ ಮಹಿಳಾ ಹಾಲು ಸೊಸೈಟಿಯಲ್ಲಿ ಕಾರ್ಯದರ್ಶಿ. ಫ್ಯಾಟ್ ಅಳೆಯೋದರಿಂದ ಹಿಡಿದು ಬಟವಾಡೆ ತನಕ ಕಂಪ್ಯೂಟರ್‌ನಲ್ಲಿ ಅವಳೇ ನಿಭಾಯಿಸುತ್ತಾಳೆ. ಮೂವತ್ತು ದಾಟಿದ ಮೇಲೆ, ಮೂರು ದಿನದ ಟ್ರೈನಿಂಗ್‌ನಲ್ಲಿ ಕಲಿತದ್ದು. ಹಾಗಾದರೆ ಆ ಐದು ದಿನಗಳು ಸಿಕ್ಕಿದ್ದರೆ ಏನಾಗುತ್ತಿದ್ದಳು? ಈ ಪ್ರಶ್ನೆಯನ್ನು ನಾನು ಅವಳ ಎದುರಿಗೆ ಇನ್ನೂ ಕೇಳಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1984ರ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆಯುವವರಲ್ಲಿ ಹೆಣ್ಣುಮಕ್ಕಳು ಸುಮಾರು ಶೇ. 37 ಇದ್ದರು. ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಅದು ಏರಬೇಕಿತ್ತು ತಾನೆ? ಇಳಿಯಿತು, ಶೇ. 20ಕ್ಕೂ ಕೆಳಗೆ. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಇದರ ಕಾರಣ ಹುಡುಕಿದರು. ಅವರು ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಮತ್ತೆ ಮತ್ತೆ ಸಿಕ್ಕಿದ್ದು ನಮ್ಮ ನಡುಮನೆಯೇ: ಕಂಪ್ಯೂಟರ್ ತರೋದು ಮಗನಿಗೆ, ಇಡೋದು ಮಗನ ರೂಮಿನಲ್ಲಿ, ಅಪ್ಪ ಕೂತು ಹೇಳಿಕೊಡೋದು ಮಗನಿಗೆ. ಆ ಹುಡುಗರು ಕಾಲೇಜಿಗೆ ಬರುವಾಗ ಹತ್ತು ವರ್ಷದ ಬಡ್ಡಿ ಜೊತೆಗೆ ಬರುತ್ತಿದ್ದರು. ಪಕ್ಕದ ಹುಡುಗಿ ಅವರನ್ನು ನೋಡಿ, 'ನನಗೆ ಇಷ್ಟೊಂದು ಹುಚ್ಚು ಇಲ್ಲವಲ್ಲ, ಇದು ನನ್ನ ಜಾಗ ಅಲ್ಲ' ಅಂದುಕೊಳ್ಳುತ್ತಿದ್ದಳು.

ಅವರು ಇನ್ನೊಂದು ವಿಷಯ ಕಂಡುಕೊಂಡರು. ಮೊದಲೇ ಕೋಡಿಂಗ್ ಬಲ್ಲವರು ಶುರುವಿನಲ್ಲಿ ಮುಂದಿರುತ್ತಾರೆ ನಿಜ, ಆದರೆ ಕೋರ್ಸ್ ಮುಗಿಯುವ ಹೊತ್ತಿಗೆ ಯಾರು ಗೆಲ್ಲುತ್ತಾರೆ ಅನ್ನೋದನ್ನ ಆ ಹಳೇ ಅನುಭವ ಹೇಳುವುದಿಲ್ಲ. ಆಮೇಲೆ ಯೂನಿವರ್ಸಿಟಿ ಅಡ್ಮಿಶನ್‌ನಲ್ಲಿ ಹಳೇ ಅನುಭವಕ್ಕೆ ತೂಕ ಕೊಡೋದನ್ನ ಬಿಟ್ಟಿತು, ಹೊಸಬರಿಗೆ ಬೇರೆ ದಾರಿಯ ಕ್ಲಾಸು ಇಟ್ಟಿತು. ಕಂಪ್ಯೂಟರ್ ಸೈನ್ಸ್ ಸೇರುವ ಹೆಣ್ಣುಮಕ್ಕಳ ಪಾಲು 1995ರಲ್ಲಿ ಶೇ. 7 ಇದ್ದದ್ದು 2000ಕ್ಕೆ ಶೇ. 42 ಆಯಿತು. ಐದು ವರ್ಷದಲ್ಲಿ ಹೆಣ್ಣುಮಕ್ಕಳ ಮಿದುಳು ಬದಲಾಯಿತೇ? ಬಾಗಿಲಲ್ಲಿ ಕೇಳುವ ಪ್ರಶ್ನೆ ಬದಲಾಯಿತು.

ನಮ್ಮ ಸೀನಿಯರ್ ಇದನ್ನು ಓದಿದರೆ ಏನಂತಾರೆ ನನಗೆ ಗೊತ್ತು. "ಆದರೂ ಬಾಲ್ಯದಿಂದ ಮಾಡಿದವರ ಕೈ ಬೇರೆನೇ ಮಾರಾಯ." ಇರಬಹುದು. ಹತ್ತು ವರ್ಷ ಮೊದಲೇ ಓಡಲು ಬಿಟ್ಟರೆ ಯಾರಾದರೂ ಮುಂದೆ ಇರುತ್ತಾರೆ. ಅದರಿಂದ ತಿಳಿಯೋದು ಅವರು ಎಲ್ಲಿಂದ ಹೊರಟರು ಅಂತ. ಎಷ್ಟು ವೇಗವಾಗಿ ಓಡುತ್ತಾರೆ ಅಂತ ಅಲ್ಲ. ಆ ಸಿಂಧನೂರಿನ ಹುಡುಗಿ ವಾರಕ್ಕೆ ಒಂದೋ ಎರಡೋ ಗಂಟೆ ಸಿಕ್ಕ ಮಶೀನಿನಿಂದ ಐದು ವರ್ಷದಲ್ಲಿ ನಮ್ಮ ಬೋರ್ಡಿನ ತನಕ ಬಂದಿದ್ದಳು. ಹತ್ತು ವರ್ಷದ ಬಡ್ಡಿ ಇದ್ದವನು ಬಂದದ್ದೂ ಅದೇ ಬೋರ್ಡಿಗೆ. ಪ್ಯಾಶನ್ ಯಾರಿಗೆ ಜಾಸ್ತಿ, ನೀವೇ ಹೇಳಿ.

ಬಾಲ್ಯದಲ್ಲೇ ಆಗಬೇಕು ಅನ್ನೋದಾದರೆ ಕೆ.ಪಿ. ರಾಯರನ್ನೇನು ಮಾಡೋಣ? ಇವತ್ತು ಕನ್ನಡ ಟೈಪ್ ಮಾಡುವವರಲ್ಲಿ ಎಷ್ಟೋ ಜನ ಬಳಸೋದು ಅವರ ಕೀಲಿಮಣೆ ವಿನ್ಯಾಸವನ್ನು. ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಅವರು ಹುಟ್ಟಿದ್ದು 1940ರಲ್ಲಿ. ಆಗ ಮನೆಯಲ್ಲಿರಲಿ, ದೇಶದಲ್ಲೇ ಕಂಪ್ಯೂಟರ್ ಇರಲಿಲ್ಲ. ನಮ್ಮ ಇಂಟರ್‌ವ್ಯೂ ಪ್ಯಾನೆಲ್ ಅವರಿಗೂ 'ಪ್ಯಾಶನ್ ಇಲ್ಲ' ಅಂತ ಬರೆದು ಕಳಿಸುತ್ತಿತ್ತೇನೋ.

ನಾನು ಕೇಳೋದು ದೊಡ್ಡದೇನಲ್ಲ. ನಿಮ್ಮ ಸ್ಪೆಕ್ಟ್ರಮ್ ಕಥೆ ಹೇಳಿ, ನಾನೂ ಕೂತು ಕೇಳುತ್ತೇನೆ, ನಿಜಕ್ಕೂ ಇಷ್ಟದಿಂದ. ಆದರೆ ಅದನ್ನು ಅಳತೆಗೋಲು ಮಾಡಿಕೊಂಡು ಇಂಟರ್‌ವ್ಯೂ ರೂಮಿಗೆ ತರಬೇಡಿ. 'ಮೊದಲ ಪ್ರೋಗ್ರಾಮ್ ಯಾವಾಗ?' ಅಂತ ಕೇಳಿದರೆ ನೀವು ಕೇಳುತ್ತಿರೋದು 'ನಿಮ್ಮಪ್ಪನ ಸಂಬಳ ಎಷ್ಟಿತ್ತು? ನಿಮಗೆ ಅಣ್ಣ-ತಮ್ಮ ಇದ್ದರಾ?' ಅಂತ. ಹಾಗೆ ನೇರವಾಗಿ ಕೇಳಲು ನಾಚಿಕೆ ಆಗುತ್ತದೆ ಅಂದರೆ ಸುತ್ತಿಬಳಸಿಯೂ ಕೇಳಬೇಡಿ. 'ಹೋದ ತಿಂಗಳು ಏನು ಹೊಸದು ಕಲಿತೆ? ಏನು ಕೆಡಿಸಿದೆ, ಹೇಗೆ ಸರಿ ಮಾಡಿದೆ?' ಅಂತ ಕೇಳಿ. ಅದಕ್ಕೆ ಉತ್ತರ ಹಳ್ಳಿಯವರ ಹತ್ತಿರವೂ ಇರುತ್ತದೆ.

ಮತ್ತೆ ಆ ಹಳೇ ಮಶೀನುಗಳ ಮೇಲೆ ಅಷ್ಟು ಪ್ರೀತಿ ಇದ್ದರೆ, ಅವು ಮಾಡಿದ ಕೆಲಸವನ್ನು ಮುಂದುವರಿಸಿ. ಕೇಂಬ್ರಿಡ್ಜಿಗೆ ಬರುವ ಹುಡುಗರಲ್ಲಿ ಕೆಡಿಸಿ ಕಲಿತವರು ಕಮ್ಮಿಯಾಗುತ್ತಿದ್ದಾರೆ ಅಂತ ಕಂಡ ಎಬೆನ್ ಅಪ್ಟನ್ ಮತ್ತವರ ಗೆಳೆಯರು ಅತ್ತು ಕೂರಲಿಲ್ಲ. 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಅನ್ನೋ 35 ಡಾಲರಿನ ಕಂಪ್ಯೂಟರ್ ಬಿಡುಗಡೆ ಮಾಡಿದರು. ಬಿಬಿಸಿ ಮೈಕ್ರೋದ ನೆನಪಿಗೆ ಅದಕ್ಕೂ ಮಾಡೆಲ್ ಎ, ಮಾಡೆಲ್ ಬಿ ಅಂತ ಹೆಸರಿಟ್ಟರು. ನೆನಪನ್ನು ಬಳಸಬೇಕಾದ ರೀತಿ ಅದು.

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಹಳೇ ಲ್ಯಾಪ್‌ಟಾಪ್ ಧೂಳು ತಿನ್ನುತ್ತಿದೆ, ನನಗೆ ಗೊತ್ತು. ಅದನ್ನು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಮಗಳಿಗೆ ಕೊಡಿ. ಕೊಡುವಾಗ 'ಹುಷಾರು, ಹಾಳು ಮಾಡಬೇಡ' ಅನ್ನಬೇಡಿ. 'ಹಾಳಾದ್ರೆ ಪರವಾಗಿಲ್ಲ, ಬಿಚ್ಚಿ ನೋಡು' ಅನ್ನಿ. ಪಾಸ್‌ವರ್ಡ್ ಇದ್ದರೆ ತೆಗೆದು ಕೊಡಿ.

ಮುಂದಿನ ವಾರ ಮತ್ತೆ ಇಂಟರ್‌ವ್ಯೂಗಳಿವೆ. ಅದೇ ಸೀನಿಯರ್ ಪಕ್ಕದಲ್ಲೇ ನನ್ನ ಕುರ್ಚಿ. ಅವರು ಅದೇ ಪ್ರಶ್ನೆ ಕೇಳಿದರೆ ಈ ಸಲ ಕ್ಯಾಂಡಿಡೇಟ್‌ಗಿಂತ ಮುಂಚೆ ನಾನೇ ಉತ್ತರ ಹೇಳುತ್ತೇನೆ: "ನಾನು ಮೊದಲ ಪ್ರೋಗ್ರಾಮ್ ಬರೆದದ್ದು ಬಿ.ಇ.ನಲ್ಲಿ ಸರ್. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ."